ಐದು ಬೆರಳಿನ ಕಾಲುಚೀಲ

ಕೈಗವಸಿನಲ್ಲಿರುವಂತೆ ಕಾಲಿನ ಒಂದೊಂದು ಬೆರಳಿಗೂ ಬೇರೆ ಮನೆಮಾಡಿ ಹೆಣೆದ ಕಾಲುಚೀಲಗಳನ್ನು ವಾಚಕರಲ್ಲಿ ಕೆಲವರು ಕಂಡಿರಬಹುದು. ಮೊದಲು ನೋಡಿದಾಗ ಕಪಿಯ ಪಾದದಂತಿವೆಯೆಂದು ನಾವು ನಕ್ಕೆವು. ಹಂಪೆಯ ನೆರೆಯವರಾದ ನಮಗೆ ಕಪಿಗಳ ಪರಿಚಯವು ಸಾಕಷ್ಟುಂಟು. ಆದರೆ ಅವು ಹೊಸಪೇಟೆಯ ನಮ್ಮ ಮನೆಗೆ ಬಂದ ಕಾರಣವು ನಗುವಂತಹದಲ್ಲ.

ಕಳೆದ ಚೈತ್ರಮಾಸದಲ್ಲಿ ಮನೆಮಂದಿಯೊಡನೆ ವಿರೂಪಾಕ್ಷನ ದರ್ಶನಕ್ಕೆ ಹೋಗಿದ್ದೆವು. ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಒಳಹೊಕ್ಕಾಗ ನಡುಹಗಲು. ಅಂಗಳದ ಹಾಸುಗಲ್ಲುಗಳು ಕಾದ ಹೆಂಚಿನಂತಿದ್ದವು. ನಾವೆಲ್ಲರೂ ಕುಣಿಯುತ್ತ ನೆರಳಿಗೆ ಓಡಿದರೆ, ನಮ್ಮ ಅತ್ತಿಗೆಯವರು ಮಾತ್ರ ಮೆಲ್ಲನೆ ಪ್ರದಕ್ಷಿಣೆ ಮುಗಿಸಿ ಬಂದರು. ಅವರ ಭಕ್ತಿಯನ್ನು ಬಾಯ್ತುಂಬ ಹೊಗಳಿದೆವು. ಮನೆಗೆ ಬಂದ ಮೇಲೆ ನೋಡಿದರೆ ಅಂಗಾಲಿನ ತುಂಬ ಬೊಬ್ಬೆಗಳು! ಬಹುಕಾಲದ ಸಕ್ಕರೆ ಕಾಯಿಲೆಯಿಂದ ನರಗಳು ಜಡವಾಗಿ, ಸುಡುವುದೇ ಅವರಿಗೆ ತಿಳಿದಿರಲಿಲ್ಲ. ಹೊಗಳಿದ ಮಾತನ್ನು ನೆನೆದರೆ ನಮಗೆ ಇಂದಿಗೂ ನಾಚಿಕೆಯಾಗುತ್ತದೆ.

ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಬರಿಗಾಲಿನಲ್ಲಿ ನಡೆಯಬಾರದು, ಬೆರಳಸಂದುಗಳನ್ನು ಒದ್ದೆಯಾಗಿ ಬಿಡಬಾರದು, ಪ್ರತಿರಾತ್ರಿ ಪಾದವನ್ನು ಪರೀಕ್ಷಿಸಬೇಕು ಎಂದು ವೈದ್ಯರು ವಿಧಿಸಿದರು. ಆಗಲೇ ಅಣ್ಣನ ಮಗನು ಬೆಂಗಳೂರಿನಿಂದ ಈ ಚೀಲಗಳನ್ನು ತಂದನು. ಬಿಳಿಯವನ್ನೇ ತಂದಿದ್ದನು, ರಕ್ತ ಒಸರಿದರೆ ಕೂಡಲೆ ಕಾಣಲೆಂದು.

ಗುಣವುಂಟೆಂಬುದನ್ನು ಒಪ್ಪಲೇಬೇಕು. ಬಿಸಿಲು ೪೦ ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ ಬೆರಳಸಂದಿನ ಬೆವರೇ ತುರಿಕೆಗೂ ಸಿಪ್ಪೆಯೇಳುವುದಕ್ಕೂ ಮೂಲ. ನಡುವೆ ಬಟ್ಟೆಯಿದ್ದರೆ ಅದು ಹೀರಿಕೊಳ್ಳುತ್ತದೆ. ನಾವೂ ಒಂದು ಜೊತೆ ಧರಿಸಿ ಹೊಳೆಯ ದಂಡೆಹಿಡಿದು ವಿಠ್ಠಲನ ಗುಡಿಯವರೆಗೆ ನಡೆದೆವು. ಪ್ರತಿಸಲವೂ ಉಜ್ಜಿ ನೋಯುತ್ತಿದ್ದ ಕಿರುಬೆರಳು ಆ ದಿನ ಸುಮ್ಮನಿತ್ತು. ಚಪ್ಪಲಿಯನ್ನು ಮೆಡಲಿಕ್ಕೂ ಅಡ್ಡಿಯಿಲ್ಲ.

ತೊಡುವುದು ಮಾತ್ರ ಒಂದು ತಪಸ್ಸು. ನಾಲ್ಕು ಬೆರಳು ಮನೆ ಸೇರುವಷ್ಟರಲ್ಲಿ ಐದನೆಯದು ನೆರೆಮನೆ ಹೊಕ್ಕಿರುತ್ತದೆ. ಬೂಟು ಬಿಗಿಯಾಗುತ್ತದೆ. ಸಂಡೂರಿಗೆ ಹೋಗಿಬಂದರೆ ಅದಿರಿನ ಕೆಂಪು ಧೂಳು ಹತ್ತು ಬೆರಳುಗಳಲ್ಲಿಯೂ ಕುಳಿತು, ಒಂದೊಂದನ್ನೂ ತಿರುವಿ ಒಗೆಯಬೇಕು.

ನಿಜವಾದ ತೊಡಕು ಬಂದುದು ಕಾಲುಂಗುರದಿಂದ. ಎರಡನೆಯ ಬೆರಳಿನ ಮನೆಯಲ್ಲಿ ಬೆರಳಿಗೂ ಉಂಗುರಕ್ಕೂ ಒಟ್ಟಿಗೆ ಎಡೆಯಿಲ್ಲ. ಬೇರೆಯವರಾದರೆ ನೋವೆಂದು ಕಿತ್ತೆಸೆಯುತ್ತಿದ್ದರು. ಅತ್ತಿಗೆಯವರಿಗೆ ನೋವೇ ತಿಳಿಯದು. ಸಂಜೆ ಚೀಲ ಕಳಚಿದಾಗ ಉಂಗುರವು ಮಾಂಸದಲ್ಲಿ ಅಚ್ಚೊತ್ತಿದ್ದಿತು. ತೆಗೆದಿಡೆಂದು ಅಣ್ಣನವರೇ ಹೇಳಿದರು. "ನೀವಿರುವಾಗ ಅದೆಂಥ ಮಾತು!" ಎಂದು ಅತ್ತಿಗೆಯವರು ಅಂದು ಊಟವನ್ನೇ ಮಾಡಲಿಲ್ಲ.

ಕೊನೆಗೆ ಜಪಾನಿನವರ ತಾಬಿಯಂತೆ ಹೆಬ್ಬೆರಳೊಂದನ್ನೇ ಬೇರ್ಪಡಿಸಿದ, ಸಡಿಲವಾದ ಕಾಲುಚೀಲವನ್ನು ತರಿಸಿದೆವು. ಅಕ್ಕಸಾಲಿಗನಿಂದ ಉಂಗುರದ ಬಾಯನ್ನೂ ಅಗಲಿಸಿದೆವು. ಐದು ಬೆರಳಿನವು ನಮ್ಮ ಪಾಲಾದವು. ಯಾವ ಚೀಲವೂ ಕಾದ ಕಲ್ಲಿನ ಬಿಸಿಯನ್ನು ತಡೆಯಲಾರದಾದುದರಿಂದ, ಈಗ ಹಂಪೆಗೆ ಹೊತ್ತು ಮೂಡುವ ಮೊದಲೇ ಹೊರಡುತ್ತೇವೆ. ರಾತ್ರಿ ದೀಪದ ಬೆಳಕಿನಲ್ಲಿ ಅತ್ತಿಗೆಯವರ ಬೆರಳಸಂದುಗಳನ್ನು ನೋಡುವ ಕೆಲಸ ಅಣ್ಣನವರದು. ಗಂಡನಿಂದ ಕಾಲು ಹಿಡಿಸಿಕೊಳ್ಳುವುದೇ ಎಂದು ಅವರು ಮೊದಮೊದಲು ಸಂಕೋಚಪಟ್ಟರು. ಈಗ ಅಣ್ಣನವರು ತಡಮಾಡಿದರೆ ತಾವೇ ಕರೆಯುತ್ತಾರೆ.