ಇಬ್ಬನಿಗೆ ಆರುವ ಬೆಂಕಿ

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎನ್ನುತ್ತಿದ್ದರು ನಮ್ಮ ಹಿರಿಯರು. ಬೆಂಕಿಯ ವಿಷಯದಲ್ಲಿ ಈ ಮಾತನ್ನು ನಡೆಸಿ ತೋರಿಸಿದವರು ಉತ್ತರ ಆಸ್ಟ್ರೇಲಿಯದ ಆರ್ನೆಮ್ ಲ್ಯಾಂಡಿನ ಮೂಲನಿವಾಸಿಗಳು. ನಮ್ಮಂಥ ಪಟ್ಟಣಿಗರಿಗೆ ಕಾಡಿನ ಬೆಂಕಿಯೆಂದರೆ ಬೆಳಗಿನ ಕಾಫಿಯೊಡನೆ ಓದಿ ಮರುಗುವ ಅನಾಹುತ. ಅವರಿಗೋ ಅದು ಅಂಗಳ ಗುಡಿಸಿದ ಹಾಗೆ, ಕಾಲಕ್ಕೆ ಸರಿಯಾಗಿ ಮಾಡಬೇಕಾದ ಕೆಲಸ.

ಅಲ್ಲಿ ಮಳೆಗಾಲದಲ್ಲಿ ಹುಲ್ಲು ಆಳೆತ್ತರ ಬೆಳೆಯುತ್ತದೆ. ಏಪ್ರಿಲ್ ಹೊತ್ತಿಗೆ ಮಳೆ ಹಿಂದೆಗೆಯುತ್ತದೆ. ಹುಲ್ಲಿನಲ್ಲಿ ಇನ್ನೂ ಹಸಿಯಿರುವಾಗಲೇ ಅಲ್ಲಲ್ಲಿ ಕಿಡಿ ಮುಟ್ಟಿಸಿದರೆ, ಬೆಂಕಿ ಮೆಲ್ಲಗೆ ತೆವಳಿ ರಾತ್ರಿಯ ಇಬ್ಬನಿಗೆ ತಾನೇ ಆರಿಹೋಗುತ್ತದೆ. ನೆಲ ಕೌದಿಯ ಹಾಗೆ ಕಾಣುತ್ತದೆ: ಒಂದು ತುಂಡು ಕಪ್ಪು, ಒಂದು ತುಂಡು ಹಸಿರು. ಮುಂದೆ ಬರುವ ದೊಡ್ಡ ಬೆಂಕಿಗೆ ಆ ಕಪ್ಪು ತುಂಡೇ ತಡೆ. ಈ ಕೆಲಸ ತಪ್ಪಿತೋ, ಸೆಪ್ಟೆಂಬರ್ ಅಕ್ಟೋಬರ್ ತಿಂಗಳ ಬಿಸಿಗಾಳಿಯಲ್ಲಿ ಎದ್ದ ಉರಿ ಮರದ ನೆತ್ತಿಗೇರಿ ವಾರಗಟ್ಟಲೆ ನಿಲ್ಲುವುದಿಲ್ಲ. ಕಳೆದ ಶತಮಾನದಲ್ಲಿ ಜನ ಮಿಷನ್ನುಗಳಿಗೂ ಪೇಟೆಗಳಿಗೂ ಹೋಗಿ ಆ ಕಲ್ಲುಬೆಟ್ಟದ ಸೀಮೆ ಬರಿದಾದ ಮೇಲೆ ಆದದ್ದು ಇದೇ.

೨೦೦೯ರಲ್ಲಿ ತೀರಿಕೊಂಡ ಚಿತ್ರಕಾರ ಬರ್ಡಯಲ್ ನಾಜಮೆರೆಕ್ ಅವರಂಥ ಹಿರಿಯರು ಆ ಸೀಮೆಗೆ ಮರಳಿದರು. ವಿಜ್ಞಾನಿಗಳು ಅವರ ಮಾತಿಗೆ ಕಿವಿಗೊಟ್ಟು ಲೆಕ್ಕ ಹಾಕಿದರು. ಸುಟ್ಟ ಹುಲ್ಲು ಬಿಟ್ಟ ಇಂಗಾಲದ ಡೈ ಆಕ್ಸೈಡನ್ನು ಮುಂದಿನ ಮಳೆಯ ಹುಲ್ಲು ಹಿಂದಕ್ಕೆ ಪಡೆಯುತ್ತದೆ. ಮೀಥೇನ್, ನೈಟ್ರಸ್ ಆಕ್ಸೈಡುಗಳು ಹಾಗಲ್ಲ. ಗಾಳಿಯಲ್ಲಿ ಉಳಿದು ಭೂಮಿಯನ್ನು ಬಿಸಿ ಮಾಡುತ್ತವೆ. ಉರಿ ಕಡಮೆಯಾದರೆ ಅವೂ ಕಡಮೆ. ೨೦೦೬ರಲ್ಲಿ ಡಾರ್ವಿನ್ ಪಟ್ಟಣದ ಅನಿಲ ಕಾರ್ಖಾನೆ ತನ್ನ ಹೊಗೆಯ ಒಂದಂಶಕ್ಕೆ ಪ್ರತಿಯಾಗಿ ಈ ಕೆಲಸಕ್ಕೆ ಹಣ ಕೊಡಲು ಒಪ್ಪಿತು. ಕರಾರು ೧೭ ವರ್ಷದ್ದು. ಸೀಮೆ ೨೮,೦೦೦ ಚದರ ಕಿಲೋಮೀಟರು. ಉಳಿಸಬೇಕಾದದ್ದು ವರ್ಷಕ್ಕೆ ೧ ಲಕ್ಷ ಟನ್.

ಕಾರ್ಖಾನೆಯ ಪಾಪಕ್ಕೆ ಕಾಡಿನವರ ಕೈಯಲ್ಲಿ ಪ್ರಾಯಶ್ಚಿತ್ತ ಮಾಡಿಸುವುದು ನನ್ನ ಮನಸ್ಸಿಗೆ ಪೂರ್ತಿ ಒಗ್ಗಿಲ್ಲ. ಆದರೂ ಆ ಹಣದಿಂದ ಮೊಮ್ಮಕ್ಕಳಿಗೆ ಅಜ್ಜಂದಿರ ನೆಲದಲ್ಲೇ ಕೆಲಸ ಸಿಕ್ಕಿದೆಯಲ್ಲ, ಅದನ್ನು ಅಲ್ಲಗಳೆಯಲಾರೆ.

ಇದನ್ನು ಓದುವಾಗ ನಮ್ಮ ಬಿಳಿಗಿರಿರಂಗನ ಬೆಟ್ಟ ನೆನಪಾಗದಿರದು. ಅಲ್ಲಿನ ಸೋಲಿಗರೂ ಬೇಸಿಗೆ ಬಲಿಯುವ ಮುನ್ನ ‘ತರಗು ಬೆಂಕಿ’ ಹಾಕುತ್ತಿದ್ದರು. ೧೯೭೪ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಆ ಬೆಂಕಿಗೆ ನಿಷೇಧ ಬಂತು. ಆಮೇಲೆಯೇ ಲಂಟಾನ ಕಾಡನ್ನು ಮುಚ್ಚಿತೆಂದು ಸೋಲಿಗರು ಹೇಳುತ್ತಾರೆ.

ಕಡ್ಡಿ ಗೀರಲು ಯಾರಿಗೂ ಬರುತ್ತದೆ. ಯಾವ ದಿನ, ಯಾವ ಗಾಳಿಗೆ ಗೀರಬೇಕೆಂದು ಬಲ್ಲ ಮುದುಕರು ಮಾತ್ರ ವರ್ಷವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಅವರಿರುವಾಗಲೇ ಹೋಗಿ ಕೇಳಬೇಕು.