ಗುಡಿಯ ನೆರಳಿನ ಮನೆಗಳು

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಪ್ರವಾಸಿಗೆ ಉಣಕಲ್ ಎಂದೊಡನೆ ನೆನಪಾಗುವುದು ಅಲ್ಲಿಯ ಕೆರೆ. ಸಂಜೆಯ ಹೊತ್ತು ಮಕ್ಕಳನ್ನು ಕರೆತಂದು, ತಣ್ಣನೆಯ ಗಾಳಿಗೆ ಮೈಯೊಡ್ಡಿ ಕುಳಿತು, ಗಿರ್ಮಿಟ್ಟು ಮಿರ್ಚಿಗಳ ರುಚಿ ನೋಡಿ ಮರಳುವ ಕುಟುಂಬಗಳಿಗೆ ಲೆಕ್ಕವಿಲ್ಲ. ಭಕ್ತರಿಗೆ ನೆನಪಾಗುವುದು ಸಿದ್ಧಪ್ಪಜ್ಜನ ಮಠ. 2018ರಿಂದ ಅವಳಿ ನಗರಗಳ ನಡುವೆ ತಮಗೆಂದೇ ಮೀಸಲಾದ ಹಾದಿಯಲ್ಲಿ ಧಾವಿಸುತ್ತಿರುವ ‘ಚಿಗರಿ’ ಬಸ್ಸುಗಳ ಪ್ರಯಾಣಿಕರಿಗಾದರೋ ಉಣಕಲ್ಲು ಕಿಟಕಿಯಾಚೆ ಕಂಡು ಮರೆಯಾಗುವ ಒಂದು ನಿಲ್ದಾಣ ಮಾತ್ರ.

ಆದರೆ ಹೆದ್ದಾರಿಯ ಗದ್ದಲವನ್ನು ಹಿಂದೆ ಬಿಟ್ಟು ಹಳೆಯ ಊರಿನ ಓಣಿಯನ್ನು ಹೊಕ್ಕವನಿಗೆ ಬೇರೊಂದು ಉಣಕಲ್ಲಿನ ದರ್ಶನವಾಗುವುದು. ಓಣಿ ಕಿರಿದು. ಎದುರಿನಿಂದ ಒಂದು ಚಕ್ಕಡಿ ಬಂದರೆ ನಡೆಯುವವನು ಯಾರದಾದರೂ ಮನೆಯ ಕಟ್ಟೆಯನ್ನು ಏರಲೇಬೇಕು. ಎಡಬಲಗಳಲ್ಲಿ ಮನೆಗಳು ಹೆಗಲಿಗೆ ಹೆಗಲು ಹಚ್ಚಿ ನಿಂತಿವೆ. ಹೀಗೆ ಸಾಗುತ್ತಿರುವಾಗ, ಮನೆಗಳ ಸಂದಿಯಲ್ಲಿ ಹಠಾತ್ತನೆ ಕಪ್ಪು ಕಲ್ಲಿನ ಕೆತ್ತನೆಯೊಂದು ಇಣುಕುವುದು. ಅದು ಚಂದ್ರಮೌಳೀಶ್ವರನ ಗುಡಿ.

ಕಲ್ಯಾಣದ ಚಾಲುಕ್ಯರ ಕಾಲದ, ಸುಮಾರು ಒಂಬೈನೂರು ವರ್ಷಗಳ ಹಿಂದಿನ ಈ ದೇವಾಲಯವು ಆ ಯುಗದ ಗುಡಿಗಳ ಪೈಕಿ ಒಂದು ವಿಶೇಷ. ಸಾಮಾನ್ಯ ಶಿವಾಲಯಗಳಲ್ಲಿ ಗರ್ಭಗೃಹಕ್ಕೆ ಒಂದೇ ಬಾಗಿಲು. ಇಲ್ಲಿಯದು ನಾಲ್ಕು ದಿಕ್ಕುಗಳಿಗೂ ತೆರೆದುಕೊಳ್ಳುವ ರಚನೆ. ನಾಲ್ಕು ಮುಖಗಳುಳ್ಳ ಲಿಂಗವೊಂದು ಇಂದಿಗೂ ಗುಡಿಯಲ್ಲಿರುವುದನ್ನು ನೋಡಿದರೆ ಈ ನಾಲ್ಕು ಬಾಗಿಲುಗಳ ಔಚಿತ್ಯ ಮನಸ್ಸಿಗೆ ಹೊಳೆಯುವುದು. ಕಲ್ಲಿನಲ್ಲಿ ಕೊರೆದ ಜಾಲಂಧ್ರಗಳು, ಕುಸುರಿ ಕೆಲಸದ ಬಾಗಿಲುವಾಡಗಳು, ಹೊರಗೋಡೆಯಲ್ಲಿ ಕುಣಿಯುತ್ತಿರುವ ಗಣಪತಿ—ಒಂದೊಂದನ್ನೂ ನಿಂತು ನೋಡಬೇಕು. ಗುಡಿಯೀಗ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ನಾಲ್ಕೂ ದಿಕ್ಕಿಗೆ ಮುಖ ಮಾಡಿರುವ ಈ ದೇವರಿಗೆ ನಾಲ್ಕೂ ದಿಕ್ಕಿನಲ್ಲಿ ಕಾಣುವುದು ಮಾತ್ರ ಊರವರ ಮನೆಗಳೇ.

ಈ ಮನೆಗಳನ್ನು ಕಂಡು ಹುಬ್ಬು ಗಂಟಿಕ್ಕುವ ಪ್ರವಾಸಿಗಳೇ ಹೆಚ್ಚು. ಗುಡಿಯ ಚಿತ್ರವನ್ನು ತೆಗೆಯಲು ಹೋದರೆ ಅಂಚಿನಲ್ಲಿ ಯಾರದೋ ಒಣಹಾಕಿದ ಸೀರೆ ಬರುವುದು, ಯಾವುದೋ ನೀರಿನ ಟಾಕಿ ಬರುವುದು. “ಇವೆಲ್ಲ ಇಲ್ಲದಿದ್ದರೆ ಎಷ್ಟು ಸೊಗಸಾಗಿರುತ್ತಿತ್ತು” ಎಂದು ಅವರು ನಿಟ್ಟುಸಿರಿಡುವರು. ಆದರೆ ಗಳಿಗೆ ಹೊತ್ತು ಗುಡಿಗೆ ಬೆನ್ನು ಮಾಡಿ, ಆ ಮನೆಗಳ ಕಡೆಗೂ ದೃಷ್ಟಿ ಹೊರಳಿಸಿದರೆ ನೋಡತಕ್ಕ ವಸ್ತು ಅಲ್ಲಿಯೂ ಉಂಟು.

ಧಾರವಾಡ ಸೀಮೆಯ ಹಳೆಯ ಮನೆಗೆ ಅದರದೇ ಆದ ಮುಖಲಕ್ಷಣವಿದೆ. ಬೀದಿಗೆ ತಾಗಿದಂತೆ ಕಲ್ಲಿನ ಕಟ್ಟೆ. ಅದು ಮನೆಯ ಯಜಮಾನನದೆಷ್ಟೋ ದಾರಿಹೋಕನದೂ ಅಷ್ಟೇ. ಕಟ್ಟೆಯ ನಡುವೆ ದಪ್ಪ ಹಲಗೆಯ ತಲಬಾಗಿಲು. ಬಾಗಿಲ ಪಕ್ಕದಲ್ಲಿ ಹಣತೆ ಇಡಲೆಂದು ಗೋಡೆಯಲ್ಲೇ ಬಿಟ್ಟ ಮಾಡ. ಕೆಳಗೆ ಕಲ್ಲಿನ ತಳಪಾಯ, ಮೇಲೆ ಮೊಳಕ್ಕೂ ಮಿಗಿಲಾದ ದಪ್ಪದ ಮಣ್ಣಿನ ಗೋಡೆ, ಒಳಗೆ ದನಕರುಗಳ ದಂಕಣ, ಅದಕ್ಕೂ ಮೇಲಕ್ಕೆ ಪಡಸಾಲೆ. ಮಾಳಿಗೆಗೆ ಕಟ್ಟಿಗೆಯ ತೊಲೆ ಜಂತಿಗಳು. ಅವುಗಳ ಮೇಲೆ ನೀರು ಇಳಿಯಗೊಡದ ಕರಲು ಮಣ್ಣಿನ ಮುಚ್ಚಿಗೆ. ನಡುವೆ ಬೆಳಕು ಬೀಳಲು ಒಂದು ಬೆಳಕಿಂಡಿ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಕ್ರಮೇಣ ಕೆಂಪು ಹಂಚಿನ ಇಳಿಜಾರು ಮಾಡುಗಳೂ ಈ ಮನೆಗಳಿಗೆ ಬಂದವು. ವರ್ಷಕ್ಕೊಮ್ಮೆ ಹಬ್ಬದ ಮುಂದೆ ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಬಿದ್ದರೆ ಮನೆಯ ಶೃಂಗಾರ ಮುಗಿಯಿತು.

ಇಂಥ ಮನೆ ಸೊಗಸು ನಿಜ, ಆದರೆ ಅದು ಬಿಡುವಿಲ್ಲದ ಆರೈಕೆಯನ್ನು ಬೇಡುವುದು. ಮಳೆಗಾಲಕ್ಕೆ ಮುನ್ನ ಮಾಳಿಗೆಯ ಮಣ್ಣನ್ನು ಸರಿಪಡಿಸಬೇಕು. ಜಾರಿದ ಹಂಚನ್ನು ಕೂಡಿಸಬೇಕು. ಗೆದ್ದಲು ಹಿಡಿದ ಜಂತಿಯನ್ನು ಬದಲಿಸಬೇಕು. ಒಕ್ಕಲುತನವಿದ್ದಾಗ ಮಣ್ಣು, ಸಗಣಿ, ಆಳುಕಾಳು ಎಲ್ಲವೂ ಕೈಯಳತೆಯಲ್ಲಿದ್ದವು. ಇಂದು ಉಣಕಲ್ಲು ಮಹಾನಗರಪಾಲಿಕೆಯೊಳಗಿನ ಊರು. ಮಕ್ಕಳು ಕಚೇರಿ ಕಾರ್ಖಾನೆಗಳಿಗೆ ಹೋಗುವವರು. ಸಗಣಿ ಸಾರಿಸುವುದಕ್ಕೆ ದನವೂ ಇಲ್ಲ, ಪುರಸೊತ್ತೂ ಇಲ್ಲ. ಹೀಗಿರುವಾಗ ಮನೆಯ ಗೋಡೆ ಉದುರತೊಡಗಿದರೆ ಏನು ಮಾಡಬೇಕು? ಗುಡಿಯ ನೆರಳಿನಲ್ಲಿರುವ ಮನೆಯವನಿಗೆ ಈ ಪ್ರಶ್ನೆ ಮಿಕ್ಕವರಿಗಿಂತ ಇಮ್ಮಡಿ ಕಠಿಣ.

ಅದಕ್ಕೆ ಕಾರಣ ಕಾನೂನು. ಪ್ರಾಚೀನ ಸ್ಮಾರಕಗಳ 1958ರ ಕಾಯಿದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರು ದೂರದವರೆಗೆ ನಿಷೇಧಿತ ಪ್ರದೇಶ. ಅಲ್ಲಿಂದಾಚೆ ಮತ್ತೆ 200 ಮೀಟರು ನಿಯಂತ್ರಿತ ಪ್ರದೇಶ. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಕಟ್ಟಬಹುದು. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಆಸ್ಪದವೇ ಇಲ್ಲ. ಮೀರಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ, ಇಲ್ಲವೆ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಉಣಕಲ್ಲಿನಂತಹ ಒತ್ತಾದ ಊರಿನಲ್ಲಿ 100 ಮೀಟರೆಂದರೆ ಒಂದೆರಡು ಮನೆಗಳ ಮಾತಲ್ಲ, ಓಣಿ ಓಣಿಗಳೇ ಅದರೊಳಗೆ ಬಂದುಬಿಡುವವು.

ಆದರೆ ಕಾನೂನಿನ ಇನ್ನೊಂದು ಮುಖವನ್ನು ಬಲ್ಲವರು ವಿರಳ. ನಿಷೇಧಿತ ಪ್ರದೇಶದಲ್ಲಿ ಮನೆಯನ್ನು ಮುಟ್ಟಲೇಬಾರದೆಂದು ಕಾಯಿದೆ ಹೇಳುವುದಿಲ್ಲ. 1992ರ ಜೂನ್ 16ಕ್ಕೆ ಮೊದಲೇ ಅಲ್ಲಿದ್ದ ಮನೆಯ ದುರಸ್ತಿಗೂ ನವೀಕರಣಕ್ಕೂ ಒಡೆಯನು ಅರ್ಜಿ ಸಲ್ಲಿಸಬಹುದು. ಇದಕ್ಕಾಗಿ ನೇಮಕಗೊಂಡ ಅಧಿಕಾರಿ 15 ದಿನಗಳಲ್ಲಿ ಅರ್ಜಿಯನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಪ್ರಾಧಿಕಾರ ಎರಡು ತಿಂಗಳೊಳಗೆ ತನ್ನ ಅಭಿಪ್ರಾಯ ಕೊಡಬೇಕು. ಅದು ಕೈಸೇರಿದ ಮೇಲೆ ಅಧಿಕಾರಿ ಒಂದು ತಿಂಗಳಲ್ಲಿ ಉತ್ತರ ಹೇಳಬೇಕು. ಒಟ್ಟು ಮೂರೂವರೆ ತಿಂಗಳು. ಯುಗಾದಿಗೆ ಅರ್ಜಿ ಕೊಟ್ಟರೆ ಉತ್ತರ ಬರುವ ವೇಳೆಗೆ ಮಿರುಗದ ಮಳೆ ಸುರಿದು ಗೋಡೆ ಕುಸಿದಿರಬಹುದು. ಸಂಕ್ರಾಂತಿಗೆ ಕೊಟ್ಟವನು, ಎಲ್ಲವೂ ಅವಧಿಯಲ್ಲಿ ನಡೆದರೆ, ಬಸವ ಜಯಂತಿಯ ಹೊತ್ತಿಗೆ ಗೌಂಡಿಯನ್ನು ಕರೆಯಬಹುದು. ಇಂಥ ಚಿಕ್ಕ ಲೆಕ್ಕ ತಿಳಿಯದೆ ಎಷ್ಟೋ ಜನ ಅರ್ಜಿಯ ಗೋಜಿಗೇ ಹೋಗದೆ, ರಾತ್ರೋರಾತ್ರಿ ಸಿಮೆಂಟು ಮೆತ್ತಿಸಿ ಮುಗಿಸಿಬಿಡುವರು.

ಇಂಥ ಮನೆಗಳ ಕಟ್ಟೆಯ ಮೇಲೆ ಬೇಸಗೆಯಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ ಈ ಬಗೆಯದು. ಮಗನಿಗೆ ಅವಸರ. ಗೌಂಡಿ ಗೋಡೆಯನ್ನು ಬೆರಳಿನಿಂದ ಕೆರೆದು ನೋಡುತ್ತಾನೆ. ಬಾಗಿಲಲ್ಲಿ ಮುದುಕಿ ಕುಳಿತಿದ್ದಾಳೆ.

“ಕಾಕಾ, ಸಿಮೆಂಟ್ ಗಿಲಾವ್ ಹೊಡದು, ಮ್ಯಾಲೆ ಬಣ್ಣಾ ಹಚ್ಚಿಬಿಡು. ಹತ್ತು ವರ್ಷ ಚಿಂತಿ ಇಲ್ಲ.”

“ಹತ್ತು ಎಲ್ಲೀದ್ರಿ ಅಣ್ಣಾರ, ಮೂರು ಮಳಿ ತಡದ್ರ ಹೆಚ್ಚು. ಮಣ್ಣಿನ ಗ್ವಾಡಿಗೆ ಸಿಮೆಂಟ್ ಹಚ್ಚಿದ್ರ ಒಳಗಿನ ತಂಪು ಎತ್ತಾಗ ಹೋಗಬೇಕು? ಒಳಗೊಳಗ ಗ್ವಾಡಿ ಕೊಳೀತೈತಿ.”

“ಹಂಗಾದ್ರ ಕೆಡವಿ ಹೊಸಾದು ಕಟ್ಟೋಣು.”

“ಕೆಡವಿದ್ರ ಮತ್ತ ಕಟ್ಟಾಕ ಯಾರು ಬಿಡ್ತಾರೋ ಯಪ್ಪಾ?” ಎನ್ನುತ್ತಾಳೆ ಮುದುಕಿ. “ಇದ್ದದ್ದನ್ನ ನೆಟ್ಟಗ ಮಾಡಕೋರಿ. ನಿಮ್ಮಪ್ಪ ಇದಕ್ಕ ಸುಣ್ಣನ ಹಚ್ಚತಿದ್ದ.”

ಗೌಂಡಿಯ ಮಾತಿನಲ್ಲಿ ಶಾಸ್ತ್ರವಿದೆ. ಮಣ್ಣಿನ ಗೋಡೆ ನೆಲದ ತೇವವನ್ನು ಹೀರಿಕೊಳ್ಳುವುದು ಸಹಜ. ಬಿಸಿಲು ಬಿದ್ದಾಗ ಅದು ಹೊರಕ್ಕೆ ಆರಿಹೋಗುವುದೂ ಸಹಜ. ಸುಣ್ಣದ ಗಾರೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುವುದರಿಂದ ಈ ಉಸಿರಾಟಕ್ಕೆ ಅಡ್ಡಿಯಿಲ್ಲ. ಸಿಮೆಂಟು ಬಿಗಿಯಾದ ಅಂಗಿಯಂತೆ; ತೇವ ಒಳಗೇ ನಿಂತು ಮಣ್ಣು ಮೆತ್ತಗಾಗುವುದು, ಒಂದು ದಿನ ಗಿಲಾವು ಹಪ್ಪಳದಂತೆ ಕಳಚಿ ಬೀಳುವುದು. ಎರೆಮಣ್ಣಿನ ನೆಲವಾದರೆ ಇನ್ನೊಂದು ತೊಡಕು. ಅದು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದರಿಂದ ಮೇಲಿನ ಗೋಡೆ ಅಷ್ಟಿಷ್ಟು ಅಲುಗಾಡುವುದು. ಸುಣ್ಣ ಆ ಅಲುಗಾಟಕ್ಕೆ ಬಗ್ಗುವುದು. ಬಗ್ಗಲರಿಯದ ಸಿಮೆಂಟು ಸೀಳುವುದು.

ಸುಣ್ಣದ ಕೆಲಸಕ್ಕೆ ತಾಳ್ಮೆ ಬೇಕು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ದಿನಗಟ್ಟಲೆ ನೆನೆಸಿ, ಮರಳಿನೊಡನೆ ಗಾಣದಲ್ಲಿ ಅರೆಯಬೇಕು. ಬೆಲ್ಲದ ನೀರನ್ನೂ ಅಳಲೆಕಾಯಿಯ ರಸವನ್ನೂ ಬೆರೆಸುವ ಪದ್ಧತಿ ನಮ್ಮ ನಾಡಿನಲ್ಲಿ ಹಳೆಯದು. ಗೋಡೆಯನ್ನೇರಿದ ಮೇಲೆ ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಮೆಲ್ಲಮೆಲ್ಲನೆ ಹೀರಿ ಮತ್ತೆ ಕಲ್ಲಾಗುವುದು. ಸಿಮೆಂಟು ಒಂದು ದಿನದಲ್ಲಿ ಗಟ್ಟಿಯಾದರೆ ಸುಣ್ಣಕ್ಕೆ ವಾರಗಳು ಬೇಕು, ತಿಂಗಳುಗಳು ಬೇಕು. ಈ ಕೆಲಸ ಬಲ್ಲ ಗೌಂಡಿಗಳು ಇಂದು ಅಪರೂಪ. ಸಿಕ್ಕರೂ ಕೂಲಿ ಹೆಚ್ಚು. ಬಡ ಸಂಸಾರಿ ಸಿಮೆಂಟಿಗೆ ಕೈಚಾಚಿದರೆ ಅವನನ್ನು ಹಳಿಯುವುದು ಸುಲಭವಲ್ಲ. ಗುಡಿಯ ಅಂದಕ್ಕಾಗಿ ಅವನು ತನ್ನ ಮಾಳಿಗೆಯ ಮೇಲೆ ಇನ್ನೊಂದು ಕೋಣೆಯನ್ನು ಕಟ್ಟದೆ ಉಳಿದಿದ್ದಾನೆ; ಮಗನ ಮದುವೆಯಾದರೆ ಸೊಸೆಗೆ ಎಡೆ ಎಲ್ಲಿ ಎಂದು ಚಿಂತಿಸುತ್ತಿದ್ದಾನೆ. ಊರಿಗೆಲ್ಲ ಸೇರಿದ ಸೊತ್ತಿನ ಬೆಲೆಯನ್ನು ಸುತ್ತಲಿನ ಕೆಲವು ಮನೆಗಳಷ್ಟೇ ತೆರುತ್ತಿರುವಾಗ, ಆ ಮನೆಗಳ ಒಂದು ಪದರ ಸುಣ್ಣದ ಖರ್ಚನ್ನು ಊರು ವಹಿಸುವುದು ಅನ್ಯಾಯವೆನಿಸದು.

ಮನೆಗಳನ್ನೇ ತೆರವು ಮಾಡಿ, ನಿವಾಸಿಗಳಿಗೆ ಬೇರೆ ಕಡೆ ಎಡೆ ಕೊಡಬೇಕೆಂಬ ವಿಚಾರವೂ ಉಣಕಲ್ಲಿಗೆ ಹೊಸದಲ್ಲ. ಅದಕ್ಕೂ ಬಲವಾದ ಕಾರಣಗಳುಂಟು. ಬಚ್ಚಲ ನೀರು ಗುಡಿಯ ಬುಡಕ್ಕೆ ಹರಿದರೆ ಒಂಬೈನೂರು ವರ್ಷದ ಕಲ್ಲಿಗೂ ಕೇಡೇ; ಗುಡಿಗೆ ತಾಗಿದಂತಿರುವ ಕೆಲವು ಮನೆಗಳ ವಿಷಯದಲ್ಲಿ ಬೇರೆ ದಾರಿ ಇಲ್ಲದೆಯೂ ಇರಬಹುದು. ಆದರೆ ಹಂಪೆಯ ಉದಾಹರಣೆ ಕಣ್ಣ ಮುಂದಿದೆ. 2011ರ ಜುಲೈ ತಿಂಗಳಲ್ಲಿ ವಿರೂಪಾಕ್ಷನ ಎದುರಿನ ರಥಬೀದಿಯ ಮಂಟಪಗಳಿಂದ ಅಂಗಡಿಗಳನ್ನೂ ಮನೆಗಳನ್ನೂ ತೆಗೆದರು. ಕಲ್ಲಿನ ಸಾಲುಗಳು ಕಣ್ತುಂಬ ಕಾಣತೊಡಗಿದುವು; ಅಲ್ಲಿ ಬದುಕಿದ್ದ ಬೀದಿಯೊಂದು ಮರೆಯಾಯಿತು. ಐಹೊಳೆಯ ಕಥೆ ಬೇರೆ ಬಗೆಯದು. ಅಲ್ಲಿ ಜನ ಗುಡಿಗಳೊಳಗೇ ಸಂಸಾರ ಹೂಡಿದ್ದರು. ಲಾಡಖಾನನ ಗುಡಿಗೆ ಆ ಹೆಸರು ಬಂದುದು ಅದರಲ್ಲಿ ವಾಸವಾಗಿದ್ದವನಿಂದ. ಇಂದು ಯಾರೂ ಗುಡಿಯೊಳಗೆ ಒಲೆ ಹೂಡಬೇಕೆನ್ನುವುದಿಲ್ಲ. ಆದರೆ ಕಲ್ಲೂ ಮನೆಯೂ ಶತಮಾನಗಳ ಕಾಲ ನೆರೆಹೊರೆಯಾಗಿದ್ದ ಮಾತು ಸುಳ್ಳಲ್ಲ.

ಉಣಕಲ್ಲಿನ ಗುಡಿ ಕಾಡಿನ ನಡುವೆ ಸಿಕ್ಕ ಹಾಳು ದೇಗುಲವಲ್ಲ. ರಕ್ಷಣೆಯ ಫಲಕ ನೆಡುವುದಕ್ಕೆ ಎಷ್ಟೋ ಮೊದಲಿನಿಂದ ಇಲ್ಲಿಯ ಜನ ಇಲ್ಲಿ ದೀಪ ಹಚ್ಚಿದ್ದಾರೆ, ಸೋಮವಾರ ನಡೆದುಕೊಂಡಿದ್ದಾರೆ. ಆದುದರಿಂದ ಯಾವ ಮನೆಗಳು ಉಳಿಯಬಲ್ಲವೋ ಅವುಗಳ ಮುಖವನ್ನು ಸುಣ್ಣದಿಂದಲೂ ಹಂಚಿನಿಂದಲೂ ಮೊದಲಿನಂತೆ ಮಾಡಿಕೊಡುವುದು, ಓಣಿಯ ಬಚ್ಚಲ ನೀರನ್ನು ಗುಡಿಯಿಂದ ದೂರ ಒಯ್ಯುವುದು, ಅರ್ಜಿಯ ದಾರಿಯನ್ನು ಪ್ರತಿ ಮನೆಗೂ ತಿಳಿಸಿ ಹೇಳುವುದು—ಇವು ಬಹು ದೊಡ್ಡ ಯೋಜನೆಗಳಲ್ಲ; ಆದರೆ ಇವಾದರೆ ಗುಡಿಗೂ ಮಾನ, ಮನೆಗೂ ಮಾನ. ದುರಸ್ತಿ ಮಾಡಬಹುದಾದ ಮನೆಯನ್ನು ಎಂದಾದರೂ ಕೆಡವಬಹುದು. ಕೆಡವಿದ ಮನೆಯನ್ನು ದುರಸ್ತಿ ಮಾಡಲು ಬಾರದು.

ಸೂರ್ಯ ಕೆರೆಯಾಚೆ ಇಳಿಯುವ ಹೊತ್ತಿಗೆ ಗುಡಿಯ ನೆರಳು ಉದ್ದವಾಗಿ ಎದುರಿನ ಮನೆಗಳ ಗೋಡೆಯನ್ನು ಏರುವುದು. ಕಟ್ಟೆಯ ಮೇಲಿನ ಮುದುಕಿ ಎದ್ದು, ಬಾಗಿಲ ಪಕ್ಕದ ಮಾಡದಲ್ಲಿ ಹಣತೆ ಹಚ್ಚಿಡುವಳು. ಮಗನಿನ್ನೂ ಗೌಂಡಿಯೊಡನೆ ಲೆಕ್ಕದಲ್ಲಿದ್ದಾನೆ: ಸುಣ್ಣ ಎಷ್ಟು, ಮರಳು ಎಷ್ಟು, ಆಳು ಎಷ್ಟು, ಅರ್ಜಿ ಯಾವಾಗ.