ಕಾಂಗಾದೊಳಗೆ ಸುಳಿದ ಗಾಳಿ

ಮಾರ್ಚ್ ತಿಂಗಳಲ್ಲಿ ಪೂರ್ವ ಆಫ್ರಿಕಾದ ಜಾಂಜಿಬಾರ್ ದ್ವೀಪದ ಸೆಕೆಗೆ ಮಂಗಳೂರಿನವರೂ ಉಸ್ಸಪ್ಪಾ ಎನ್ನಬೇಕು. ಕಸ್ಕಾಜಿ ಎಂಬ ಈಶಾನ್ಯದ ಗಾಳಿ ಸೋತು ನಿಂತಿರುತ್ತದೆ, ದೊಡ್ಡ ಮಳೆ ಇನ್ನೂ ಹಿಡಿದಿರುವುದಿಲ್ಲ. ಅಲ್ಲಿನ ಹಳೆಪೇಟೆ ಸ್ಟೋನ್ ಟೌನಿನಲ್ಲಿ ಹವಳದ ಕಲ್ಲಿನ ಮನೆಗಳ ನಡುವಿನ ಓಣಿಗಳಲ್ಲಿ ಸುಮ್ಮನೆ ನಿಂತರೂ ಬೆನ್ನು ತೊಯ್ಯುತ್ತದೆ. ಬಹುಪಾಲು ಮುಸ್ಲಿಮರಿರುವ ಊರು. ಬೀಚಿನಲ್ಲಿ ಏನು ತೊಟ್ಟರೂ ಪೇಟೆಗೆ ಬರುವಾಗ ಭುಜ, ಮೊಣಕಾಲು ಮುಚ್ಚಿರಲಿ ಎಂದು ನಯವಾಗಿ ಹೇಳುತ್ತಾರೆ. ಇಂಥ ಸೆಕೆಯಲ್ಲಿ ಮೈಮೇಲೆ ಇನ್ನೊಂದು ಬಟ್ಟೆಯೇ!

ದರಜಾನಿ ಮಾರುಕಟ್ಟೆಗೆ ಹೋಗಿ ನೋಡಿದರೆ ಅಲ್ಲಿನ ಹೆಂಗಸರು ಸೊಂಟಕ್ಕೊಂದು, ತಲೆ-ಭುಜಕ್ಕೊಂದು ಕಾಂಗಾ ಸುತ್ತಿಕೊಂಡು ಆರಾಮಾಗಿ ಮೀನಿಗೆ ಚೌಕಾಸಿ ಮಾಡುತ್ತಿದ್ದಾರೆ. ಏದುಸಿರು ಬಿಡುತ್ತಿದ್ದವರು ಬಿಗಿ ಪ್ಯಾಂಟಿನ ನಾವು ಪ್ರವಾಸಿಗರೇ.

ಕಾಂಗಾ ಎಂದರೆ ಸುಮಾರು ಒಂದೂವರೆ ಮೀಟರ್ ಉದ್ದ, ಒಂದು ಮೀಟರ್ ಅಗಲದ ತೆಳು ಹತ್ತಿ ಬಟ್ಟೆ. ಸುತ್ತಲೂ ದಪ್ಪ ಅಂಚು, ನಡುವೆ ಚಿತ್ತಾರ, ಕೆಳಗೆ ಸ್ವಾಹಿಲಿಯಲ್ಲಿ ಒಂದು ಸಾಲು. ಗಾದೆಯೋ, ಹಾರೈಕೆಯೋ, ನೆರೆಮನೆಯವಳಿಗೆ ಕೊಟ್ಟ ಚುಚ್ಚೋ! ಬಣ್ಣಕ್ಕಿಂತ ಮೊದಲು ಆ ಸಾಲನ್ನು ಓದಿ ಕೊಳ್ಳುವವರಿದ್ದಾರೆ. ಮಾರುವುದು ಜೋಡಿಯಾಗಿ. ನಮ್ಮ ದೇಶದಲ್ಲೇ ಅಚ್ಚಾಗಿ ಹಡಗು ಹತ್ತಿ ಬರುವ ಕಾಂಗಾಗಳೂ ಉಂಟು.

ಅಂಗಡಿಯಾಕೆ ನನ್ನ ಸೊಂಟಕ್ಕೆ ಒಂದನ್ನು ಸುತ್ತಿ, ತುದಿ ಮಡಚಿ ಸಿಕ್ಕಿಸಿ, ಇನ್ನೊಂದನ್ನು ಭುಜಕ್ಕೆ ಹೊದಿಸಿದಳು. ಫೊರೋಧಾನಿಯ ಕಡಲಂಚಿಗೆ ನಡೆದೆ. ಹೆಜ್ಜೆ ಹಾಕಿದಂತೆಲ್ಲ ಬಟ್ಟೆ ಎದ್ದು ಬಿದ್ದು, ಕಮ್ಮಾರನ ತಿದಿಯ ಹಾಗೆ ಒಳಗಿನ ಬಿಸಿಗಾಳಿಯನ್ನು ಹೊರಗೆ ನೂಕುತ್ತಿತ್ತು. ಮೈ ಮುಚ್ಚಿಕೊಂಡ ಮೇಲೆ ತಂಪು! ನನಗೆ ನಂಬಲಾಗಲಿಲ್ಲ.

ನಂಬಲೇಬೇಕಾದ ಸಂಗತಿ ಅದು. ನೆಗೆವ್ ಮರುಭೂಮಿಯಲ್ಲಿ ಅಲೆಮಾರಿ ಬೆಡುವಿನ್ನರ ನಿಲುವಂಗಿಯನ್ನು ಪರೀಕ್ಷಿಸಿದ ವಿಜ್ಞಾನಿಗಳು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದೂ ಇಂಥದೇ: ಕಪ್ಪು ತೊಟ್ಟರೂ ಬಿಳಿ ತೊಟ್ಟರೂ ಮೈಗೆ ತಟ್ಟುವ ಶಾಖ ಒಂದೇ. ಕಪ್ಪು ಬಟ್ಟೆ ಹೀರಿದ ಹೆಚ್ಚಿನ ಬಿಸಿ ಚರ್ಮ ಮುಟ್ಟುವ ಮೊದಲೇ ಒಳಗಾಡುವ ಗಾಳಿಯಲ್ಲಿ ಹೊರಟುಹೋಗುತ್ತದೆ. ಅದು ಒಣಹವೆಯ ಮಾತು, ನಿಜ. ಆದರೆ ತೇವ ತುಂಬಿದ ಕರಾವಳಿಯಲ್ಲಿ ಬೆವರು ಆರುವುದೇ ಕಷ್ಟವಾದ್ದರಿಂದ ಮೈಗಂಟಿದ ಗಾಳಿ ಬದಲಾಗುತ್ತಿರುವುದು ಇನ್ನೂ ಮುಖ್ಯ.

ಗಂಡಸರ ಉಡುಪಿನಲ್ಲೂ ಇದೇ ಜಾಣ್ಮೆ. ಪಾದ ಮುಟ್ಟುವ ಕಾಂಜು ಎಂಬ ಸಡಿಲ ಬಿಳಿ ನಿಲುವಂಗಿ, ತಲೆಗೆ ಕೊಫಿಯಾ ಎಂಬ ಟೋಪಿ. ಮನೆಮುಂದಿನ ಜಗಲಿಯಲ್ಲಿ ಕೂತಿದ್ದ ಮುದುಕರೊಬ್ಬರು ತಮ್ಮ ಟೋಪಿ ತೆಗೆದು ನನ್ನ ಕೈಗಿತ್ತರು. ಬೆಳಕಿಗೆ ಹಿಡಿದರೆ ಕಸೂತಿಯ ನಡುನಡುವೆ ಸೂಜಿಮೊನೆಯಷ್ಟು ತೂತುಗಳು. ನಾನು ಅಲಂಕಾರವೆಂದುಕೊಂಡದ್ದು ಗಾಳಿಗೆ ಬಿಟ್ಟ ದಾರಿಯೂ ಹೌದು.

ನೀವು ಹೋದರೆ ಕಾಂಗಾ ಅಲ್ಲೇ ಕೊಳ್ಳಿ. ಪಾಲಿಯೆಸ್ಟರಿನದೂ ಇರುತ್ತದೆ, ಮುಟ್ಟಿ ನೋಡಿ ಹತ್ತಿಯದನ್ನೇ ಆರಿಸಿ. ಹೊಸತರಲ್ಲಿ ಗಂಜಿ ಇರುತ್ತದೆ, ಬೆವರು ಹೀರುವುದಿಲ್ಲ. ಅಂಚು ಹೊಲಿಸಿ, ಒಮ್ಮೆ ಒಗೆದೇ ಉಡಿ.